ಮೈದಾನ್ ಹವಲ್ಲಿಯ ಡಕ್ಟ್ ತಗಡಿನ ಡಬ್ಬ

ನೀವು ನಂಬಲ್ಲ, ಆದ್ರೂ ಹೇಳ್ತೀನಿ. ಈಗ ತಾನೇ, ಕಾಲು ಗಂಟೆ ಕೂಡ ಆಗಿಲ್ಲ, ಬಲದಿಯಾ, ಅಂದ್ರೆ ಇಲ್ಲಿ ಕುವೈತಿನ ಮುನಿಸಿಪಾಲಿಟಿ, ಅದರ ಇನ್‌ಸ್ಪೆಕ್ಟರೊಬ್ಬರು ನಮ್ಮ ಬಿಲ್ಡಿಂಗ್ ಮುಂದೆ ಮಂಜಲ್ಲಿ ನಿಂತ್ಕೊಂಡು, ನಮ್ಮಮ್ಮಂಗೆ ಬಂದಿದ್ದ ಎಳ್ಳು ಬೆಲ್ಲ ಬಾಯಿಗೆ ಹಾಕ್ಕೊಂಡು, ಕಣ್ಣು ಮುಚ್ಚಿ ಅಗಿದು, ಇನ್ನೊಂದ್ ಸ್ವಲ್ಪ ಅಂತ ಕೈ ಚಾಚಿದ್ರು. ನನ್ನನ್ನ ಅರೆಸ್ಟ್ ಮಾಡೋಕೆ ಬಂದವರು ಅನ್ಕೊಂಡಿದ್ದೆ ನಾನು ಅವರನ್ನ.

ಈಗ ಮೆಟ್ಟಿಲ ಮೇಲೆ ಕೂತಿದೀನಿ, ಎರಡನೇ ಮಹಡಿಗೂ ಮೂರನೇ ಮಹಡಿಗೂ ಮಧ್ಯ. ಮೇಲಕ್ಕೆ ಹೋಗೋಕೆ ಧೈರ್ಯ ಇಲ್ಲ, ಕೆಳಗೆ ಹೋಗೋಕೆ ಮನಸ್ಸಿಲ್ಲ. ಮೊದಲಿಂದ ಹೇಳ್ಬಿಡ್ತೀನಿ ತಡೀರಿ. ಯಾಕಂದ್ರೆ ಆ ಡಬ್ಬ ಇದೆಯಲ್ಲ, ಅದನ್ನ ಯಾರೇ ಮುಟ್ಟಲಿ, ಏನಾದ್ರೂ ಒಂದು ಆಗೇ ಆಗುತ್ತೆ.

ಡಬ್ಬ ಬಂದ ಕತೆ

ನಮ್ಮಪ್ಪ ಎ.ಸಿ. ಇಂಜಿನಿಯರು. ದೊಡ್ಡ ದೊಡ್ಡ ಬಿಲ್ಡಿಂಗ್‌ಗಳ ಹೊಟ್ಟೆಯೊಳಗೆ ತಣ್ಣನೆ ಗಾಳಿ ಓಡಾಡುತ್ತಲ್ಲ, ಆ ತಗಡಿನ ಡಕ್ಟುಗಳನ್ನ ಹಾಕಿಸೋದು ಅವರ ಕೆಲಸ. ನಾವು ಮೈದಾನ್ ಹವಲ್ಲಿಯ ಈ ಹಳೇ ಬಿಲ್ಡಿಂಗಿಗೆ ಬಂದಾಗ ನಾನು ಕಂಕುಳ ಕೂಸು. ಆಗಲೇ ಇಲ್ಲಿ ಲಿಫ್ಟ್ ಕೆಟ್ಟಿತ್ತು. ಪೋಸ್ಟ್‌ಮ್ಯಾನ್ ಮೇಲೆ ಹತ್ತಲ್ಲ ಅಂದ್ಬಿಟ್ಟ. ಎಲ್ಲರ ಕಾಗದಾನೂ ಕೆಳಗಿನ ಮೆಟ್ಟಿಲ ಮೇಲಿಟ್ಟು ಹೋಗ್ತಿದ್ದ, ಅದರ ಮೇಲೆ ಬೆಕ್ಕುಗಳು ಮಲಗ್ತಿದ್ವು. ಅಪ್ಪ ಸೈಟಲ್ಲಿ ಉಳಿದ ಡಕ್ಟ್ ತಗಡು ತಂದು, ಕತ್ತರಿಸಿ, ಮಡಚಿ, ಒಂದು ಡಬ್ಬ ಮಾಡಿ, ಬೀಗ ಹಾಕಿ, ಕಾಂಪೌಂಡ್ ಗೋಡೆಯಾಚೆ ರಸ್ತೆ ಪಕ್ಕ ಒಂದು ಕಂಬ ನೆಟ್ಟು ಕೂರಿಸಿದ್ರು. ಯಾರನ್ನೂ ಕೇಳ್ಲಿಲ್ಲ. ಆಗ ಯಾರೂ ಕೇಳ್ತಿರ್ಲಿಲ್ವಂತೆ. ಸಾಯಂಕಾಲದ ಬಿಸಿಲಿಗೆ ಆ ತಗಡು ಹೊಳೆಯುತ್ತೆ ನೋಡಿ, ಧೂಳು ಕವಿದ ಹಳದಿ ಬೆಳಕಲ್ಲಿ ಅದೊಂದೇ ಒದ್ದೆಯಾಗಿದೆಯೇನೋ ಅನ್ಸುತ್ತೆ.

ಈಗ ಅದಕ್ಕೆ ಬರೋದು ಒಬ್ಬರ ಕಾಗದ ಮಾತ್ರ, ಅಮ್ಮನ ಗೆಳತಿಯದು. ಮೈಸೂರಲ್ಲಿ ಇಬ್ಬರೂ ಒಂದೇ ಹಾಸ್ಟೆಲ್ ರೂಮು. ಅಮ್ಮ ಮದುವೆಯಾಗಿ ಇಲ್ಲಿಗೆ ಹೊರಟಾಗ ಇಬ್ಬರೂ ಕೈ ಮೇಲೆ ಕೈ ಹಾಕಿ ಮಾತು ಕೊಟ್ಕೊಂಡಿದ್ದಾರೆ, ಫೋನ್ ಮಾಡ್ಬಾರ್ದು, ಬರೀಬೇಕು ಅಂತ. ಇವತ್ತಿನವರೆಗೂ ಒಂದ್ಸಲ ಫೋನಲ್ಲಿ ಮಾತಾಡಿಲ್ಲ. ವಾಟ್ಸಾಪೂ ಇಲ್ಲ. ತಿಂಗಳಿಗೊಂದು ಕಾಗದ, ಅದು ಬಂದಾಗ ಬಂತು. ಸಂಕ್ರಾಂತಿ ಕಾಗದದ ಜೊತೆ ಒಂದು ಪೊಟ್ಟಣ ಎಳ್ಳು ಬೆಲ್ಲ, ಚಪ್ಪಟೆ ಮಾಡಿ ಲಕೋಟೆಯೊಳಗೆ. ಅದು ಇಲ್ಲಿಗೆ ಮುಟ್ಟೋದು ಫೆಬ್ರವರಿಗೋ, ಶಿವರಾತ್ರಿ ಕಳೆದ ಮೇಲೋ. ಕಾಗದ ಬಂದ ದಿನ ಅಮ್ಮ ಬಾಲ್ಕನಿಯಲ್ಲಿ ಕೂತು ಮೂರು ಸಲ ಓದ್ತಾರೆ, ಆವತ್ತಿನ ಸಾರಿಗೆ ಉಪ್ಪಿರಲ್ಲ. ಅಪ್ಪ ನಾನು ಮೇಲಿಂದ ಉಪ್ಪು ಹಾಕ್ಕೊಂಡು ಉಣ್ತೀವಿ.

ಹೋದ ಚಳಿಗಾಲದಲ್ಲಿ ಯಾರೋ ಪುಣ್ಯಾತ್ಮ ಅರ್ಧ ಕುಡಿದ ಕೋಲಾ ಕ್ಯಾನನ್ನ ಆ ಡಬ್ಬದೊಳಗೆ ತುರುಕಿ ಹೋದ. ಒಳಗೆ ಕಾಗದ ಇತ್ತು. ಇಂಕೆಲ್ಲ ಕರಗಿ ಒಂದು ನೀಲಿ ಮೋಡ ಆಗಿತ್ತು. ಅಮ್ಮ ಹೇರ್ ಡ್ರೈಯರಲ್ಲಿ ಒಣಗಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರೆ ಓದೋಕೆ ಸಿಕ್ಕಿದ್ದು ಎರಡೇ ಮಾತು. 'ಆ ಮಳೆ', ಆಮೇಲೆ ಕೆಳಗೆಲ್ಲೋ 'ನೆನಪಿದ್ಯಾ'. ಅಷ್ಟೇ. ಎರಡು ದಿನ ಅಮ್ಮ ಮನೆಯಲ್ಲಿ ನಿದ್ದೆಯಲ್ಲಿ ನಡೆದ ಹಾಗೆ ಓಡಾಡಿದ್ರು, ಯಾವ ಮಳೆ, ಯಾವ ಮಳೆ ಅಂತ. ಕೊನೆಗೆ ಬರೆದು ಕೇಳಿದ್ರು. ಎರಡು ತಿಂಗಳಾದ ಮೇಲೆ ಉತ್ತರ ಬಂತು: 'ಮಳೆ ಅಂತ ಬರ್ದಿದ್ನಾ? ಏನು ಅಂತ ನನಗೂ ಮರ್ತೋಯ್ತು ಕಣೇ.'

ಆವತ್ತೇ ಶಪಥ ಮಾಡಿದೆ. ಇನ್ಮೇಲೆ ಅಮ್ಮನ ಒಂದು ಕಾಗದಾನೂ ಯಾರೂ ಹಾಳು ಮಾಡಬಾರದು.

ಗ್ರೀಸು

ಮೊದಲ ಐಡಿಯಾ ನನ್ನದೇ. ಡಬ್ಬದ ಮೈಗೆಲ್ಲ ಕಪ್ಪು ಗ್ರೀಸ್ ಬಳಿದ್ರೆ ಯಾರು ಮುಟ್ತಾರೆ? ಅಪ್ಪನ ಟೂಲ್ ಬಾಕ್ಸಿಂದ ಕದ್ದು ಬಳಿದೆ. ಪೋಸ್ಟ್‌ಮ್ಯಾನ್ ಕಾಗದ ಹಾಕೋ ಬಾಯಿ ಒಂದು ಬಿಟ್ಟು ಉಳಿದಿದ್ದೆಲ್ಲ ಕರ್ರಗೆ. ಬಾಲ್ಕನಿಯಿಂದ ನೋಡ್ತಾ ನಿಂತೆ, ಕೋಟೆ ಕಟ್ಟಿದ ರಾಜನ ಹಾಗೆ.

ಮೊದಲು ಬಂದವರು ಬಿಲ್ಡಿಂಗ್ ಮಾಲೀಕರು. ತಾರಸಿ ಮೇಲಿನ ನೀರಿನ ಟ್ಯಾಂಕ್ ನೋಡೋಕೆ ಬಂದಿದ್ದು. ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶಾ, ಇಲ್ಲಿನವರು ಹಾಕೋ ಉದ್ದ ನಿಲುವಂಗಿ, ಹಾಲಿನ ಹಾಗೆ. ಅಷ್ಟರಲ್ಲಿ ಅವರಿಗೊಂದು ಫೋನ್ ಬಂತು. ಆರಾಮಾಗಿ ನಮ್ಮ ಡಬ್ಬಕ್ಕೆ ಒರಗಿ ನಿಂತು ಮಾತಾಡೋಕೆ ಶುರು ಮಾಡಿದ್ರು. ನಾನು ಮೇಲಿಂದ ಕೂಗೋಷ್ಟರಲ್ಲಿ ಆಗಿಹೋಗಿತ್ತು. ಅವರು ತಿರುಗಿದಾಗ ನೋಡ್ತೀನಿ, ಬೆನ್ನ ಮೇಲೆ ಕುವೈತಿಗಿಂತ ದೊಡ್ಡ ಒಂದು ದೇಶದ ಮ್ಯಾಪು.

ಎರಡನೇ ಮಹಡಿ ಅಂಕಲ್ ಹತ್ರ ಓಡಿದೆ. ಅವರು ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ. ಕುವೈತ್ ಸಿಟಿಯ ಮಿರ್ಕಾಬಲ್ಲಿ ಒಬ್ಬ ವಕೀಲರ ಆಫೀಸಲ್ಲಿ ಫೈಲ್ ಓಡಾಡಿಸೋ ಕೆಲಸ. ವಕೀಲರಲ್ಲ, ಆದ್ರೆ ವಕೀಲರಿಗಿಂತ ಜಾಸ್ತಿ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಅವರು ಕನ್ನಡಕ ಹಾಕ್ಕೊಂಡು ಕೇಳಿದ್ರು, "ನಿನ್ನ ಇಕಾಮಾ ಯಾವಾಗ ಆಗುದು?"

ಇದನ್ನ ಹೇಳಲೇ ಇಲ್ಲ ನೋಡಿ. ಕಾಲೇಜು ಮುಗೀತು, ಮಿರ್ಕಾಬಲ್ಲೇ ನನಗೊಂದು ಕೆಲಸ ಸಿಕ್ಕಿದೆ. ಅಪ್ಪನ ಹೆಸರಲ್ಲಿರೋ ನನ್ನ ಇಕಾಮಾ, ಅಂದ್ರೆ ಇಲ್ಲಿರೋಕೆ ಕೊಟ್ಟಿರೋ ಪರ್ಮಿಟ್ಟು, ಕಂಪನಿ ಹೆಸರಿಗೆ ಬದಲಾಗಬೇಕು. ಅರ್ಜಿ ಹೋಗಿದೆ. ಅದು ಆಗೋವರೆಗೆ ನನ್ನ ಮೇಲೆ ಒಂದು ಸಣ್ಣ ಕೇಸೂ ಬೀಳಬಾರದು. ಅಂಕಲ್ ಅಂದ್ರು, "ಬೇರೆಯವರ ಬಟ್ಟೆ ಹಾಳಾಗ್ಲಿ ಅಂತ್ಲೇ ಬಳಿದದ್ದು ಅಲ್ವಾ ಅದು? ಅವರು ಕಂಪ್ಲೇಂಟ್ ಕೊಟ್ರೆ ನೀನು ಎಂತ ಹೇಳ್ತೀಯ ಮಾರಾಯ? ಡಬ್ಬಕ್ಕೆ ಚಳಿ ಆಗ್ತಿತ್ತು ಅಂತ?"

ಅಮ್ಮ ಆವತ್ತೇ ಚಿರೋಟಿ ಮಾಡಿ, ಮೇಲೆ ಸಕ್ಕರೆ ಉದುರಿಸಿ, ನನ್ನ ಕೈಯಲ್ಲೇ ಕಳಿಸಿದ್ರು ಕ್ಷಮೆ ಕೇಳು ಅಂತ. ಕೇಳಿದೆ. ಮಾಲೀಕರು ತಟ್ಟೆ ಒಳಗೆ ತಗೊಂಡ್ರು, ಬಾಗಿಲು ಹಾಕ್ಕೊಂಡ್ರು. ಮೂರು ದಿನ ನನಗೆ ನಿದ್ದೆಯಿಲ್ಲ. ನಾಲ್ಕನೇ ದಿನ ಹಾರಿಸ್ ಭಾಯಿ, ನಮ್ಮ ಬಿಲ್ಡಿಂಗ್ ವಾಚ್‌ಮನ್ನು, ಮೇಲೆ ಬಂದು ಮಾಲೀಕರು ಹೇಳಿ ಕಳಿಸಿದ್ದಾರೆ ಅಂದ. ಕಲೆ ಹೋಗ್ಲಿಲ್ವಂತೆ. ಆದ್ರೆ ಆ ತಿಂಡಿ ಇನ್ನೊಂದ್ಸಲ ಮಾಡೋ ಹಾಗಿದ್ರೆ, ಅವರ ಹತ್ರ ಇನ್ನೂ ಎರಡು ಹಳೇ ದಿಶ್‌ದಾಶಾ ಇದೆಯಂತೆ, ಒರಗೋಕೆ ಸಿದ್ಧವಂತೆ.

ಕ್ಯಾಮೆರಾ

ಗ್ರೀಸ್ ಒರೆಸಿದೆ. ಹವಲ್ಲಿಯ ಒಂದು ಮೊಬೈಲ್ ಅಂಗಡಿಯಿಂದ ಪುಟ್ಟ ಕ್ಯಾಮೆರಾ ತಂದು ಬಾಲ್ಕನಿಯ ತುಳಸಿ ಕುಂಡದಲ್ಲಿ ಬಚ್ಚಿಟ್ಟೆ. ಮಿರ್ಕಾಬಲ್ಲಿ ಆಫೀಸ್ ಕುರ್ಚಿಯಲ್ಲಿ ಕೂತು ಫೋನಲ್ಲಿ ನಮ್ಮ ಬೀದಿ ನೋಡೋದು, ಆಹಾ, ಎಂಥ ಸುಖ ಗೊತ್ತಾ. ಬಕಾಲಾ ಅನ್ನೋ ಕಿರಾಣಿ ಅಂಗಡಿಯವನು ಟೊಮೇಟೊ ಪೆಟ್ಟಿಗೆ ಇಳಿಸ್ತಾನೆ, ಎದುರು ಮನೆ ಆಂಟಿ ಚಾದರ ಕೊಡವ್ತಾರೆ, ಬೆಕ್ಕೊಂದು ಕಾರಿನ ಬಾನೆಟ್ ಮೇಲೆ ಬಿಸಿಲು ಕಾಯಿಸ್ತಾ ಇರುತ್ತೆ. ಸದ್ದೇ ಇಲ್ಲ, ಎಲ್ಲ ನೀರೊಳಗೆ ನಡೀತಿರೋ ಹಾಗೆ. ನೋಡ್ತಾ ನೋಡ್ತಾ ಕಣ್ಣು ಎಳೀತಿತ್ತು.

ಅಂಕಲಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕೈಲಿದ್ದ ಚಹಾ ಕೆಳಗಿಟ್ರು. "ಆ ಹೆಂಗಸಿನ ಬಾಲ್ಕನಿ ಯಾಕೆ ಕಾಣುದು ಇದ್ರಲ್ಲಿ? ಒಬ್ಬರಿಗೆ ಗೊತ್ತಿಲ್ದೆ ಅವರ ವಿಡಿಯೋ ತೆಗೆದ್ರೆ ಇಲ್ಲಿ ಏನಾಗ್ತದೆ ಗೊತ್ತುಂಟಾ? ಡಬ್ಬ ಒಡೆದವ ಮನೆಗೆ ಹೋಗ್ತಾನೆ, ವಿಡಿಯೋ ತೆಗೆದವ ಸ್ಟೇಷನ್ನಿಗೆ."

ಓಡಿಹೋಗಿ ಕ್ಯಾಮೆರಾ ಕತ್ತು ಬಗ್ಗಿಸಿ, ಝೂಮ್ ಮಾಡಿ, ಡಬ್ಬ ಒಂದು ಬಿಟ್ಟು ಬೇರೇನೂ ಕಾಣದ ಹಾಗೆ ಮಾಡಿದೆ. ಯಾರ ಮುಖಾನೂ ಬರಲ್ಲ, ಬಂದ್ರೆ ಕೈ ಮಾತ್ರ. ಎರಡನೇ ದಿನವೇ ಕೈ ಬಂತು. ಸಂಜೆ ಆರು ಗಂಟೆ. ಗಂಡಸಿನ ಕೈ. ಮುಷ್ಟಿ ಕಟ್ಟಿ ಡಬ್ಬದ ತಲೆ ಮೇಲೆ ಎರಡೇಟು, ಪಕ್ಕಕ್ಕೆ ಒಂದೇಟು. ಮರುದಿನಾನೂ ಅದೇ ಹೊತ್ತು, ಅದೇ ಮೂರೇಟು. ಸಿಕ್ಕಿದ ಕಳ್ಳ. ಮೂರನೇ ದಿನ ಆಫೀಸಿಂದ ಬೇಗ ಬಂದು ಕಾಂಪೌಂಡ್ ಗೋಡೆ ಹಿಂದೆ ಕೂತೆ. ಢಣ್ ಢಣ್ ಢಣ್. ಎದ್ದು ನೋಡ್ತೀನಿ, ಲಂಚ್ ಬ್ಯಾಗ್ ಹಿಡ್ಕೊಂಡು ನಮ್ಮಪ್ಪ.

ಅಪ್ಪ ನನ್ನನ್ನ ನೋಡಿ ಬೆಚ್ಚಲೂ ಇಲ್ಲ. ಡಬ್ಬದ ಬೆನ್ನು ಸವರ್ತಾ ಅಂದ್ರು, "ಇಪ್ಪತ್ತು ವರ್ಷದ ಮೇಲಾಯ್ತು ಕಣೋ ಮಾಡಿ. ದಿನಾ ಚೆಕ್ ಮಾಡ್ತೀನಿ. ಇನ್ನೂ ಗಟ್ಟಿ."

ಕಾಂಕ್ರೀಟು

ಗಟ್ಟಿ ಅಂದಿದ್ದೇ ನನ್ನ ತಲೇಲಿ ಕೂತ್ಬಿಡ್ತು. ಡಬ್ಬ ಗಟ್ಟಿ ಸರಿ, ಕಂಬ? ರಿವರ್ಸ್ ತಗೊಳ್ಳೋ ಕಾರುಗಳು ಗುದ್ದಿ ಗುದ್ದಿ ಅದು ಪ್ರಾರ್ಥನೆ ಮಾಡೋರ ಹಾಗೆ ಬಾಗಿತ್ತು. ಪಕ್ಕದ ಸೈಟಲ್ಲಿ ಉಳಿದ ಸಿಮೆಂಟು, ಎರಡು ಕಬ್ಬಿಣದ ಸರಳು ಹಾರಿಸ್ ಭಾಯಿ ಕೇಳಿ ತಂದುಕೊಟ್ಟ. ಕಂಬ ನೆಟ್ಟಗೆ ಮಾಡಿ, ಸುತ್ತ ಮೊಣಕಾಲೆತ್ತರ ಕಾಂಕ್ರೀಟ್ ಸುರಿದು, ಟ್ರಕ್ಕೇ ಬಂದ್ರೂ ಅಲ್ಲಾಡದ ಹಾಗೆ ಮಾಡಿದೆ. ಕೈ ತೊಳೆದು ಅದರ ಮುಂದೆ ನಿಂತು ಸುಮ್ನೆ ನೋಡ್ತಾ ಇದ್ದೆ, ಗೋಪುರ ಕಟ್ಟಿದವರ ಹಾಗೆ.

ಆವತ್ತು ಶುಕ್ರವಾರ, ಇಲ್ಲಿ ವಾರದ ರಜೆ. ಅಂಕಲ್ ಕೋಟು ಹಾಕ್ಕೊಂಡು ಚರ್ಚಿಂದ ಬರ್ತಿದ್ರು. ನಿಂತ್ರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರು.

"ಇದು ಎಂತದು ಮಾರಾಯ, ಡ್ಯಾಮಾ?"

ನಾನು ವಿವರಿಸಿದೆ. ಅವರು ನಿಧಾನಕ್ಕೆ, ಮಗುವಿಗೆ ಹೇಳೋ ಹಾಗೆ ಹೇಳಿದ್ರು. ಇದು ರಸ್ತೆ ಪಕ್ಕದ ಜಾಗ, ನಿಮ್ಮಪ್ಪನದ್ದಲ್ಲ. ನಾಳೆ ಒಬ್ಬ ಕಾರು ತಿರುಗಿಸ್ತಾನೆ, ಇಲ್ಲ ಒಬ್ಬ ಬೈಕಲ್ಲಿ ಊಟ ತಲುಪಿಸೋನು ಜಾರಿ ಬೀಳ್ತಾನೆ, ಈ ಸರಳಿಗೆ ತಾಗ್ತಾನೆ. ಪೊಲೀಸ್ ಬಂದು ಮೊದಲು ಕೇಳೋದು ಇದನ್ನ ಯಾರು ಕಟ್ಟಿದ್ದು ಅಂತ. ಆಮೇಲೆ ಭುಜ ತಟ್ಟಿ ಅಂದ್ರು, "ಡಬ್ಬ ಮೆತ್ತಗೆ ಇದ್ರೆ ಡಬ್ಬ ಹೋಗ್ತದೆ. ಡಬ್ಬ ಗಟ್ಟಿ ಇದ್ರೆ ನೀನು ಹೋಗುದು."

ಆ ಕ್ಷಣ ನನಗೆ ಎಲ್ಲ ಕಂಡ್ಬಿಡ್ತು. ವಿಮಾನದ ಕಿಟಕಿ, ಕೆಳಗೆ ನೀಲಿ ಸಮುದ್ರ, ಮರಳಿನ ಬಣ್ಣದ ಊರು ಪುಟ್ಟದಾಗ್ತಾ ಇದೆ, ನನ್ನ ತೊಡೆ ಮೇಲೆ ಡಬ್ಬ. ಗಗನಸಖಿ ಬಗ್ಗಿ ಹೇಳ್ತಾಳೆ, ಸರ್, ಇದನ್ನ ಸೀಟ್ ಕೆಳಗಿಡಿ.

ಸುತ್ತಿಗೆ ತಗೊಂಡು ಒಡೆಯೋಕೆ ಕೂತೆ. ಎರಡು ದಿನ ಒಡೆದ್ರೂ ಮೊಣಕಾಲೆತ್ತರದ್ದು ಪಾದದೆತ್ತರಕ್ಕೆ ಬಂತು ಅಷ್ಟೇ. ಜೀವನದಲ್ಲಿ ನಾನು ನೆಟ್ಟಗೆ ಮಾಡಿದ ಮೊದಲ ಕೆಲಸ ಅದು, ಅದೇ ಒಡೀಲಿಲ್ಲ.

ಸ್ಟಿಕ್ಕರು

ಆ ಸುತ್ತಿಗೆ ಸದ್ದಿಗೋ ಏನೋ, ಮುಂದಿನ ವಾರ ಡಬ್ಬದ ಮೇಲೆ ಕಿತ್ತಳೆ ಬಣ್ಣದ ಸ್ಟಿಕ್ಕರ್. ಇಲ್ಲಿ ವರ್ಷಗಟ್ಟಲೆ ಧೂಳು ತಿಂದು ನಿಂತ ಕಾರುಗಳಿಗೆ ಬಲದಿಯಾದವರು ಅಂಟಿಸ್ತಾರಲ್ಲ, ತೆಗೀರಿ ಇಲ್ಲಾಂದ್ರೆ ನಾವೇ ಎತ್ಕೊಂಡು ಹೋಗ್ತೀವಿ ಅಂತ, ಆ ಥರದ್ದು. ಸಂಕ್ರಾಂತಿ ಕಾಗದ ಇನ್ನೂ ಬಂದಿಲ್ಲ, ಇವತ್ತೋ ನಾಳೆಯೋ ಬರಬೇಕು.

ಹಾರಿಸ್ ಭಾಯಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿದೆ. ನಾನು ಆಫೀಸಿಗೆ ಹೋದಾಗ ಆ ಸ್ಟಿಕ್ಕರನ್ನ ಬಿಸಿನೀರು ಹಾಕಿ ಹುಷಾರಾಗಿ ಕಿತ್ತು, ಬಿಸಾಕೋಕೆ ಹೆದರಿ, ಪಕ್ಕದಲ್ಲೇ ಎರಡು ವರ್ಷದಿಂದ ನಿಂತಿದ್ದ ಒಂದು ಕಾರಿಗೆ ಅಂಟಿಸಿದ್ದಾನೆ. ಆ ಕಾರು ಎರಡನೇ ಮಹಡಿ ಅಂಕಲ್‌ದು. ಬ್ಯಾಟರಿ ಇಲ್ಲ, ಟೈರಲ್ಲಿ ಗಾಳಿಯಿಲ್ಲ, ರಿಪೇರಿ ಮಾಡಿಸಿ ಅಂತ ಅವರ ಹೆಂಡತಿ, ಆಂಟಿ, ಹೇಳಿ ಹೇಳಿ ಸೋತಿದ್ರು. ಆವತ್ತು ಸಾಯಂಕಾಲದೊಳಗೆ ಅದಕ್ಕೆ ಬ್ಯಾಟರಿ ಬಂತು, ಗಾಳಿ ಬಂತು, ಸ್ನಾನ ಆಯ್ತು, ಅಂಕಲ್ ಅದರಲ್ಲಿ ಆಂಟಿನ ಕೂರಿಸ್ಕೊಂಡು ಸಮುದ್ರದ ಕಡೆ ಒಂದು ರೌಂಡ್ ಹೋಗಿ ಬಂದ್ರು.

ನಿಜ ಗೊತ್ತಾದ ಮೇಲೆ ಅವರು ನನ್ನನ್ನ ಬೈಲಿಲ್ಲ. ಯೋಚನೆ ಮಾಡಿ ಹೇಳಿದ್ರು. ಸ್ಟಿಕ್ಕರ್ ಎಲ್ಲಿದ್ರೂ ಬಲದಿಯಾದವರ ಪುಸ್ತಕದಲ್ಲಿ ಡಬ್ಬ ಅಂತ್ಲೇ ಇರುತ್ತೆ, ಬಂದೇ ಬರ್ತಾರೆ. ನೀನು ಅದನ್ನ ಮುಟ್ಟಬೇಡ, ಮುಟ್ಟಿದವನದ್ದೇ ಡಬ್ಬ ಅಂತ ಆಗುತ್ತೆ. ಕೇಳಿದ್ರೆ ಒಂದೇ ಮಾತು, ನನ್ನದಲ್ಲ. "ಇಕಾಮಾ ಆಗುವವರೆಗೆ ಅಷ್ಟು ನೆನಪಿಡು. ಆಂಟಿಗೆ ಮಾತ್ರ ಸ್ಟಿಕ್ಕರ್ ವಿಷಯ ಹೇಳ್ಬೇಡ, ಕಾರು ನಾನೇ ಮನಸ್ಸು ಮಾಡಿ ರೆಡಿ ಮಾಡಿಸಿದ್ದು ಅಂತ ಹೇಳಿದ್ದೇನೆ."

ಇವತ್ತು ಬೆಳಿಗ್ಗೆ

ಇವತ್ತು ಇಕಾಮಾಕ್ಕೆ ಬೆರಳಚ್ಚು ಕೊಡೋ ದಿನ. ಹೊಸ ಶರ್ಟ್ ಹಾಕ್ಕೊಂಡು ಕೆಳಗಿಳಿದೆ. ಏನು ಮಂಜು ಅಂತೀರಿ. ಬೀದಿಯೇ ಇರ್ಲಿಲ್ಲ. ಮಸೀದಿಯ ಗೋಪುರದ ತುದಿ ಮಾತ್ರ ಎಲ್ಲೋ ಆಕಾಶದಲ್ಲಿ, ಕಾರುಗಳೆಲ್ಲ ಮಲಗಿದ ಎಮ್ಮೆಗಳ ಹಾಗೆ, ಗಾಳಿಯಲ್ಲಿ ಉಪ್ಪಿನ ವಾಸನೆ. ಕಂಬ ಕಾಣ್ತಿಲ್ಲ, ಡಬ್ಬ ಒಂದೇ ಗಾಳಿಯಲ್ಲಿ ತೇಲ್ತಾ ಇದೆ. ಅದರ ಬಾಯಲ್ಲಿ ಲಕೋಟೆಯ ಮೂಲೆಯೊಂದು ಇಣುಕ್ತಿತ್ತು.

ಬಂದಿತ್ತು. ಸಂಕ್ರಾಂತಿ ಕಾಗದ.

ಆಗಲೇ ಮಂಜಿಂದ ಮೂರು ಜನ ಹೊರಗೆ ಬಂದ್ರು. ಮುಂದೆ ಇನ್‌ಸ್ಪೆಕ್ಟರು, ವಯಸ್ಸಾದವರು, ಒಂದು ಕೈಯಲ್ಲಿ ಜಪಮಣಿ, ಇನ್ನೊಂದರಲ್ಲಿ ಪುಸ್ತಕ. ಹಿಂದೆ ಕಬ್ಬಿಣ ಕೊಯ್ಯೋ ಮೆಷಿನ್ ಹಿಡಿದ ಇಬ್ಬರು. ಇನ್‌ಸ್ಪೆಕ್ಟರು ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಮೆತ್ತಗೆ ಕೇಳಿದ್ರು, "ಈ ಡಬ್ಬ ನಿಂದಾ?"

"ನನ್ನದಲ್ಲ," ಅಂದೆ. ಅಂಕಲ್ ಹೇಳಿಕೊಟ್ಟ ಹಾಗೇ, ತಪ್ಪಿಲ್ಲದೆ.

ಖಲಾಸ್ ಅಂದ್ರು ಅವರು. ಮೆಷಿನ್ ಗುರ್ರ್ ಅಂತ ಶುರುವಾಯ್ತು. ನಾನು ಓಡಿ ಮಧ್ಯ ನಿಂತೆ. ಒಳಗೆ ನಮ್ಮಮ್ಮನ ಕಾಗದ ಇದೆ, ಅದೊಂದು ತಗೊಳ್ತೀನಿ ಅಂದೆ.

ಅವರು ಹುಬ್ಬೇರಿಸಿದ್ರು. "ಡಬ್ಬ ಬೇರೆಯವರದು ಅಂತೀಯ. ಬೇರೆಯವರ ಡಬ್ಬದಿಂದ ಕಾಗದ ತೆಗೆದ್ರೆ ಅದು ಕಳ್ಳತನ. ಹೇಗೆ ತೆಗೀತೀಯ?"

ನನ್ನ ಕೈ ನನ್ನನ್ನ ಕೇಳದೇ ಜೇಬಿಗೆ ಹೋಯ್ತು. "ಕೀ ನನ್ನ ಹತ್ರ ಇದೆ ಸರ್."

ಮೆಷಿನ್ ಹಿಡಿದವನು ನಗೋಕೆ ಶುರು ಮಾಡಿ ಮೆಷಿನ್ ಆರಿಸ್ಬಿಟ್ಟ. ಇನ್‌ಸ್ಪೆಕ್ಟರು ನಗಲಿಲ್ಲ. ನಾನು ತೆಗೆದ ಲಕೋಟೆ ಇಸ್ಕೊಂಡು ಅಲ್ಲಾಡಿಸಿದ್ರು, ಒಳಗೆ ಸರಸರ ಅಂತು. ಏನಿದು ಅಂದ್ರು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೇಕಾಯಿ ಬೀಜ, ಹುರಿಗಡಲೆ ಅಂದೆ. ತೆರೆದು ತೋರಿಸು ಅಂದ್ರು. ಅಮ್ಮನ ಕಾಗದ ಅಪ್ಪ ಕೂಡ ಇಲ್ಲೀತನಕ ಒಡೆದಿಲ್ಲ. ನಾನು ಒಡೆದೆ. ನಂಬಲಿ ಅಂತ ಮೊದಲು ನಾನೇ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡೆ, ಆಮೇಲೆ ಅವರ ಅಂಗೈಗೆ. ಇದನ್ನ ತಿಂದು ಒಳ್ಳೇ ಮಾತಾಡಬೇಕು ಅಂತ ನಮ್ಮಲ್ಲಿ ಪದ್ಧತಿ ಅಂದೆ. ಅವರು ಕಣ್ಣು ಮುಚ್ಚಿ ಅಗಿದ್ರು. ಕೈ ಮತ್ತೆ ಚಾಚಿದ್ರು. ಮೆಷಿನ್ ಹಿಡಿದವರೂ ಚಾಚಿದ್ರು. ಹಾರಿಸ್ ಭಾಯಿ ಎಲ್ಲಿದ್ನೋ, ಅವನೂ ಬಂದ.

"ಓದು," ಅಂದ್ರು ಇನ್‌ಸ್ಪೆಕ್ಟರು. "ಈ ಕಾಲದಲ್ಲಿ ಕಾಗದ ಬರೆಯೋದು ಯಾರು ನೋಡೋಣ."

ಓದಿದೆ. ಒಂದೊಂದೇ ಸಾಲು, ನನ್ನ ಹರುಕು ಮುರುಕು ಹಿಂದಿಯಲ್ಲಿ ಹೇಳ್ತಾ. 'ಕೈ ನಡುಗ್ತಿದೆ ಕಣೇ. ಈ ನಾಲ್ಕು ಸಾಲಿಗೆ ಮೂರು ದಿನ ಆಯ್ತು. ಇದೇ ಕೊನೇ ಕಾಗದ ಅನ್ಕೋ. ಆ ಮಳೆ ವಿಷಯ ಏನು ಅಂತ ನೆನಪಾಯ್ತು, ಬರೆಯೋಕಾಗಲ್ಲ, ಉದ್ದ ಇದೆ. ಕೆಳಗೆ ಫೋನ್ ನಂಬರ್ ಇದೆ. ಮಾತು ಮುರಿದಿದ್ದಕ್ಕೆ ಬೈಬೇಡ. ನಿನ್ನ ದನಿ ಹೇಗಿತ್ತು ಅಂತಾನೇ ಮರ್ತೋಗಿದೆ.'

ಜಪಮಣಿ ನಿಂತಿತ್ತು. ಆಮೇಲೆ ಇನ್‌ಸ್ಪೆಕ್ಟರು ಪುಸ್ತಕ ತೆರೆದು ಇನ್ನೊಂದ್ಸಲ ಕೇಳಿದ್ರು, "ಈ ಡಬ್ಬ ನಿಂದಾ?"

ನೋಡಿ, ಇನ್ನು ಕಾಗದಾನೇ ಬರಲ್ಲ. ಡಬ್ಬ ಹೋದ್ರೆ ಏನು? ಅಲ್ಲ ಅಂದ್ರೆ ಮುಗೀತು, ಇಕಾಮಾ ಉಳೀತು. ಆದ್ರೆ ಬಾಯಲ್ಲಿ ಬೆಲ್ಲ ಇನ್ನೂ ಕರಗಿಲ್ಲ, ಕಿವಿಯಲ್ಲಿ ಅಪ್ಪನ ಢಣ್ ಢಣ್ ಢಣ್.

"ನಮ್ಮದೇ ಸರ್. ಅಪ್ಪ ಮಾಡಿದ್ದು."

ಅವರು ಬರೆಯೋಕೆ ಶುರು ಮಾಡಿದ್ರು. ಎಷ್ಟು ಹೊತ್ತು ಬರೆದ್ರು ಅಂತೀರಿ, ಅಷ್ಟರಲ್ಲಿ ನಾನು ವಿಮಾನ ಹತ್ತಿ ಇಳಿದಾಗಿತ್ತು. ಬರೆದು ಪುಸ್ತಕ ಮುಚ್ಚಿ ನನಗೆ ಅರ್ಥ ಹೇಳಿದ್ರು: "ಮಂಜು ಜಾಸ್ತಿ. ಡಬ್ಬ ಕಾಣಲಿಲ್ಲ." ಮಂಜು ಕರಗೋದ್ರೊಳಗೆ ಕಾಂಪೌಂಡ್ ಗೋಡೆಯೊಳಗೆ ತಗೊಂಡ್ಬಿಡು ಅಂದ್ರು, ಹಾರಿಸ್ ಭಾಯಿ ಡಬ್ಬ ಬಿಚ್ಚೋದಕ್ಕೆ ಸ್ಪಾನರ್ ತರೋಕೆ ಓಡಿದ. ಯಲ್ಲಾ, ನಡೀರಿ ಅಂದ್ರು ತಮ್ಮವರಿಗೆ. ಹೋಗ್ತಾ ಕೊನೇದಾಗಿ ಇನ್ನೊಂದು ಹಿಡಿ ತಗೊಂಡ್ರು.

ಅದಕ್ಕೇ ಹೇಳಿದ್ದು, ಮೆಟ್ಟಿಲ ಮೇಲೆ ಕೂತಿದೀನಿ ಅಂತ. ಒಂದು ವರ್ಷ ಆ ಡಬ್ಬ ಕಾಯ್ದೆ, ಅಮ್ಮನ ಕಾಗದ ಯಾರೂ ಹಾಳು ಮಾಡಬಾರದು ಅಂತ. ಈಗ ನನ್ನ ಕೈಯಲ್ಲಿ ಹರಿದ ಲಕೋಟೆ ಇದೆ. ಹರಿದಿದ್ದು ನಾನು. ಮೊದಲು ಓದಿದ್ದೂ ನಾನು, ಅದೂ ಬಲದಿಯಾದವರಿಗೆ. ಪೊಟ್ಟಣದಲ್ಲಿ ನಾಲ್ಕು ಕಡಲೇಕಾಯಿ ಬೀಜ ಉಳಿದಿದೆ, ಅದರಲ್ಲೊಂದು ಈಗ ಮಾತಾಡ್ತಾ ಮಾತಾಡ್ತಾ ತಿಂದ್ಬಿಟ್ಟೆ.

ಮೇಲೆ ಬಾಗಿಲು ತೆಗೆದ ಸದ್ದು. ಅಮ್ಮ ಬಗ್ಗಿ ಕೇಳ್ತಿದ್ದಾರೆ, "ಬಂತೇನೋ?"

ಬೇಗ ಹೇಳಿ, ನೀವಾಗಿದ್ರೆ ಏನ್ ಮಾಡ್ತಿದ್ರಿ?